ವಸೂಲಿಯ ಲೆಕ್ಕ, ಅಪರಾಧದ ಲೆಕ್ಕ

ಬ್ಯಾಂಕ್ ವಂಚನೆಯ ವಿರುದ್ಧ ಭಾರತ ಸರ್ಕಾರ ರೂಪಿಸಿಕೊಂಡಿರುವ ತನಿಖಾ ವ್ಯವಸ್ಥೆಯನ್ನು ಜಪ್ತಿಯಾದ ಆಸ್ತಿಯ ಮೊತ್ತದಿಂದ ಅಳೆದರೆ ಅದು ಸಮರ್ಥವಾಗಿಯೇ ಕಾಣುತ್ತದೆ. ಆದರೆ ವಂಚನೆ ಯಾವಾಗ ಪತ್ತೆಯಾಯಿತು, ಯಾರ ಮೇಜಿನ ಮೇಲೆ ಅದು ನಡೆಯಿತು ಎಂದು ಕೇಳತೊಡಗಿದರೆ ಅದರ ದೌರ್ಬಲ್ಯ ಹೊರಬೀಳುತ್ತದೆ. 2018ರಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣ ಇದಕ್ಕೆ ತಕ್ಕ ನಿದರ್ಶನ.

ಗ್ರಾಹಕ ಸಾಲ ತೀರಿಸದಿದ್ದರೆ ತಾನೇ ತೀರಿಸುವೆನೆಂದು ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಕೊಡುವ ಹೊಣೆಪತ್ರಕ್ಕೆ ಬ್ಯಾಂಕ್ ವಲಯದಲ್ಲಿ ಲೆಟರ್ ಆಫ್ ಅಂಡರ್‌ಟೇಕಿಂಗ್ ಎನ್ನುತ್ತಾರೆ. ತನಿಖಾ ಸಂಸ್ಥೆಗಳ ಆರೋಪದಂತೆ, ಮುಂಬೈನ ಬ್ರಾಡಿ ಹೌಸ್ ಶಾಖೆಯಿಂದ ವಜ್ರ ವ್ಯಾಪಾರಿ ನೀರವ್ ಮೋದಿಯ ಸಂಸ್ಥೆಗಳ ಪರವಾಗಿ ಇಂತಹ ಪತ್ರಗಳು ತಕ್ಕ ಭದ್ರತಾ ಠೇವಣಿಯಿಲ್ಲದೆ ವರ್ಷಗಟ್ಟಲೆ ಹೊರಟವು. ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಲ್ಲಿ ಸಂದೇಶ ಹೋಗುತ್ತಿತ್ತು, ಆದರೆ ಶಾಖೆಯ ಲೆಕ್ಕವನ್ನೆಲ್ಲ ಹಿಡಿದಿಡುವ ಕೋರ್ ಬ್ಯಾಂಕಿಂಗ್ ತಂತ್ರಾಂಶದಲ್ಲಿ ಅದು ದಾಖಲಾಗುತ್ತಿರಲಿಲ್ಲ. ಎರಡರ ನಡುವೆ ಕೊಂಡಿಯೇ ಇಲ್ಲದ್ದರಿಂದ, ಲೆಕ್ಕ ತಪಾಸಣೆಗೆ ಬಂದವರು ಕಂಡದ್ದು ಚೊಕ್ಕಟವಾದ ಪುಸ್ತಕವನ್ನೇ. ಸ್ವಿಫ್ಟ್ ಬಳಕೆಯ ಅಪಾಯದ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಬಾರಿ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ ಹೇಳಿದ್ದು ಎಲ್ಲವೂ ಬಯಲಾದ ಮೇಲೆ. ಎಚ್ಚರಿಕೆ ಪಾಲನೆಯಾಯಿತೇ ಎಂದು ನೋಡದ ನಿಯಂತ್ರಕನ ಈ ಸಮಜಾಯಿಷಿಗೆ ಹೆಚ್ಚಿನ ಬೆಲೆಯಿಲ್ಲ.

ನೀರವ್ ಮೋದಿ ದೇಶ ಬಿಟ್ಟದ್ದು 2018ರ ಜನವರಿ 1ರಂದು, ಬ್ಯಾಂಕು ಸಿಬಿಐಗೆ ದೂರು ಕೊಟ್ಟದ್ದು ಜನವರಿ 29ರಂದು. ಮೊದಲ ಎಫ್‌ಐಆರ್‌ನಲ್ಲಿ ಸುಮಾರು 280 ಕೋಟಿ ರೂಪಾಯಿ ಇದ್ದ ಮೊತ್ತ ಕೆಲವೇ ತಿಂಗಳಲ್ಲಿ 13 ಸಾವಿರ ಕೋಟಿಯನ್ನು ದಾಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಮಾರ್ಚ್ 13ರಂದು ರಿಸರ್ವ್ ಬ್ಯಾಂಕ್ ಈ ಬಗೆಯ ಹೊಣೆಪತ್ರಗಳನ್ನೇ ನಿಲ್ಲಿಸಿತು.

ಸರ್ಕಾರದ ಉತ್ತರವಾಗಿ ಬಂದದ್ದು ಪರಾರಿಯಾದ ಆರ್ಥಿಕ ಅಪರಾಧಿಗಳ ಕಾಯ್ದೆ, 2018. 100 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತದ ಅಪರಾಧದಲ್ಲಿ ಬಂಧನದ ವಾರಂಟ್ ಹೊರಟಿದ್ದು, ವಿಚಾರಣೆ ತಪ್ಪಿಸಿಕೊಳ್ಳಲು ದೇಶ ಬಿಟ್ಟವನ ಆಸ್ತಿಯನ್ನು ಶಿಕ್ಷೆಯ ತೀರ್ಪಿಗೆ ಕಾಯದೆ ಮುಟ್ಟುಗೋಲು ಹಾಕಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಾಲದ ಪ್ರಕರಣದಲ್ಲಿ ವಿಜಯ್ ಮಲ್ಯ 2019ರ ಜನವರಿಯಲ್ಲಿ ಈ ಕಾಯ್ದೆಯಡಿ ಘೋಷಿತರಾದ ಮೊದಲಿಗರು. ಅವರ 14,131 ಕೋಟಿ ರೂಪಾಯಿ ಮೌಲ್ಯದ ಆಸ್ತಿ ಬ್ಯಾಂಕುಗಳಿಗೆ ಮರಳಿದೆಯೆಂದು ಹಣಕಾಸು ಸಚಿವರು 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿದರು. ಠೇವಣಿದಾರರ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಆದರೆ ವಸೂಲಿಯೇ ನ್ಯಾಯದ ಜಾಗದಲ್ಲಿ ಕೂತುಬಿಟ್ಟರೆ, ಬ್ಯಾಂಕಿನ ಒಳಗೆ ಯಾರು ಕಣ್ಣು ಮುಚ್ಚಿಕೊಂಡರು ಎಂಬುದನ್ನು ಸಾಬೀತುಪಡಿಸುವ ನಿಧಾನದ, ಕಷ್ಟದ ಕೆಲಸಕ್ಕೆ ಸರ್ಕಾರದಲ್ಲಿ ಉತ್ಸಾಹ ಉಳಿಯುವುದಿಲ್ಲ.

ಪ್ರಾಮಾಣಿಕವಾಗಿ ಕೊಟ್ಟ ಸಾಲ ಮುಳುಗಿದ ಮಾತ್ರಕ್ಕೆ ಅಧಿಕಾರಿಯನ್ನು ಅಪರಾಧಿಯೆನ್ನಬಾರದೆಂಬ ವಾದದಲ್ಲಿ ಹುರುಳಿದೆ, ನಿಜ. ಆದರೆ ಆ ರಕ್ಷಣೆಯನ್ನು ತನಿಖೆಯ ಹೊಸ್ತಿಲಲ್ಲೇ ಇಡಬೇಕಾಗಿರಲಿಲ್ಲ. ಪರಾರಿಯಾದವರ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟ ಅದೇ 2018ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಕಲಮು ಸೇರಿತು; ಸರ್ಕಾರಿ ಬ್ಯಾಂಕಿನ ಅಧಿಕಾರಿ ಕರ್ತವ್ಯದ ಭಾಗವಾಗಿ ಕೈಗೊಂಡ ತೀರ್ಮಾನವನ್ನು ಆ ಕಾಯ್ದೆಯಡಿ ವಿಚಾರಿಸಲು ಅಂದಿನಿಂದ ಪೊಲೀಸರು ಮೊದಲೇ ಅನುಮತಿ ಪಡೆಯಬೇಕಾಯಿತು.