ಬೆಟ್ಟದ ಬುಡದಲ್ಲಿ ಕಲಿಯಬೇಕಾದ ವಿದ್ಯೆ

ಮಧುಗಿರಿಗೆ ಬಂದವರ ಕಣ್ಣು ನೇರವಾಗಿ ಬೆಟ್ಟದ ತುದಿಗೆ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಆ ಏಕಶಿಲೆ ಊರಿನ ನೆತ್ತಿಯ ಮೇಲೆಯೇ ನಿಂತಿರುವಾಗ ಬೇರೆಡೆ ನೋಡುವುದು ಕಷ್ಟ. ಹೊಸದಾಗಿ ಬಂಡೆ ಹತ್ತಲು ಕಲಿಯುವವರಿಗೆ ಮಾತ್ರ ನಾನು ಬುಡವನ್ನು ತೋರಿಸುತ್ತೇನೆ. ಅಲ್ಲಿ, ಹೊಲದ ಬದುಗಳಲ್ಲಿ, ಕೆರೆಯ ಹಿಂದಿನ ಬೀಳುಗಳಲ್ಲಿ ಆಳೆತ್ತರದ, ಎರಡಾಳೆತ್ತರದ ಗುಂಡುಗಳು ಚೆಲ್ಲಿಕೊಂಡಿವೆ. ಹಗ್ಗ ಕಟ್ಟಿಕೊಳ್ಳದೆ, ಕೆಳಗೆ ದಪ್ಪನೆಯ ಹಾಸಿಗೆ ಹಾಸಿ ಇಂಥ ಗುಂಡುಗಳನ್ನು ಹತ್ತುವುದೇ ಬೌಲ್ಡರಿಂಗ್. ಬೆಂಗಳೂರಿನ ಒಳಾಂಗಣ ಗೋಡೆಗಳಲ್ಲಿ ಇದನ್ನು ಕಲಿತ ಹುಡುಗ ಹುಡುಗಿಯರು ನಿಜವಾದ ಕಲ್ಲು ಹುಡುಕಿಕೊಂಡು ಹೊರಡುತ್ತಿದ್ದಾರೆ. ಅವರು ಹೊತ್ತು ತರುವ ಅಭ್ಯಾಸ ನಮ್ಮ ಸೀಮೆಯ ಕಲ್ಲಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಯಾರಾದರೂ ನೇರವಾಗಿ ಹೇಳಬೇಕು.

ಮೊದಲು ಇದರ ದೊಡ್ಡ ಗುಣ. ಬೌಲ್ಡರಿಂಗ್ ಎತ್ತರವನ್ನು ತಾನಾಗಿಯೇ ಬಿಟ್ಟುಕೊಟ್ಟ ಆಟ. ಹಗ್ಗದ ಆರೋಹಣದಲ್ಲಿ ಕಲಿಯುವವನ ಅರ್ಧ ಮನಸ್ಸು ಗಂಟು, ಕೊಂಡಿ, ಕೆಳಗೆ ಹಗ್ಗ ಹಿಡಿದವನ ಎಚ್ಚರ ಇವುಗಳ ಮೇಲೇ ಇರುತ್ತದೆ. ಇಲ್ಲಿ ಪೂರ್ತಿ ಗಮನ ಕಲ್ಲಿನ ಮೇಲೆ, ಮೈಯ ತೂಕದ ಮೇಲೆ. ಕಲ್ಲಿಗೆ ಮೊಳೆ ಹೊಡೆಯಬೇಕಿಲ್ಲ, ರಂಧ್ರ ಕೊರೆಯಬೇಕಿಲ್ಲ. ಹೆದರಿದವರು ಮೂರಡಿ ಹತ್ತಿ ಇಳಿಯಬಹುದು. ಯಾರೂ ಅದನ್ನು ಸೋಲೆನ್ನುವುದಿಲ್ಲ. ಕಲಿಕೆಗೆ ಇಷ್ಟು ಅನುಕೂಲವಾದ ಸಾಹಸ ಕ್ರೀಡೆ ಇನ್ನೊಂದನ್ನು ನಾನು ಕಾಣೆ.

ತೊಂದರೆ ಶುರುವಾಗುವುದು ಕೈಯಿಂದ. ಒಳಾಂಗಣ ಗೋಡೆಯಲ್ಲಿ ಹಿಡಿಕೆಗಳಿಗೆ ಬಣ್ಣವಿರುತ್ತದೆ, ಮುಂದೆ ಎಲ್ಲಿ ಹಿಡಿಯಬೇಕೆಂದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ತೋಳಿನ ಬಲವಿದ್ದವರು ಬೇಗ ಮೇಲೇರುತ್ತಾರೆ. ಮಧುಗಿರಿಯ ಕಲ್ಲು ಹಾಗಿಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ಹಾದುಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದೊಳಗಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳೆಲ್ಲ ಕರಗಿ, ಉಳಿದ ಗಟ್ಟಿ ತಿರುಳೇ ಇಂದಿನ ಗುಂಡುಗಳು. ಅದಕ್ಕೇ ಅವು ಅಷ್ಟು ದುಂಡಗೆ, ಹಿಡಿಯಲು ಅಷ್ಟು ಜಿಪುಣವಾಗಿವೆ. ಬೆರಳಿಗೆ ಸಿಗುವುದು ಅಲ್ಲೊಂದು ಚಕ್ಕೆಯ ಅಂಚು, ಇಲ್ಲೊಂದು ಸಂದು. ಸುತ್ತಲಿನ ಕಲ್ಲು ಸವೆದು ಹೊರಚಾಚಿದ ದಪ್ಪ ಫೆಲ್ಡ್‌ಸ್ಪಾರ್ ಹರಳಿದ್ದರೆ ಅದು ಕಾಲ್ಬೆರಳ ತುದಿಗಷ್ಟೇ ಸಾಕು. ಇಂಥ ಕಡೆ ತೋಳು ಎಳೆದಷ್ಟೂ ಪಾದ ಜಾರುತ್ತದೆ. ಹಿಮ್ಮಡಿ ಕೆಳಗಿಟ್ಟು, ಸೊಂಟವನ್ನು ಬಂಡೆಯಿಂದ ಹೊರಗಿಟ್ಟು, ತೂಕವನ್ನೆಲ್ಲ ಪಾದದ ಮುಂಭಾಗಕ್ಕೆ ಒತ್ತಿ ನಿಲ್ಲಬೇಕು. ಹೊಸಬರು ಹೆದರಿಕೆಗೆ ಬಂಡೆಯನ್ನು ತಬ್ಬುತ್ತಾರೆ. ತಬ್ಬಿದ ಕೂಡಲೇ ತೂಕ ಪಾದದಿಂದ ಸರಿದು ಜಾರುತ್ತಾರೆ. ಒಂದು ವರ್ಷ ಗೋಡೆ ಹತ್ತಿದವರನ್ನೂ ಈ ಕಲ್ಲು ಮತ್ತೆ ಮೊದಲ ಪಾಠಕ್ಕೆ ಕೂರಿಸುತ್ತದೆ. ಒಳಾಂಗಣ ಶಿಕ್ಷಣದಲ್ಲಿ ಉಳಿದ ಈ ಕೊರತೆಯನ್ನು ನಮ್ಮ ಸೀಮೆ ತುಂಬಿಕೊಡಬಲ್ಲದು.

ಬೆಟ್ಟದ ಮೇಲೆ ಕೋಟೆ ಕಟ್ಟಿದವರಿಗೆ ಪಾದದ ಈ ಪಾಠ ಗೊತ್ತಿತ್ತು. ಮಧುಗಿರಿ ಬೆಟ್ಟದ ಕಡಿದಾದ ಹಾಸುಬಂಡೆಗಳಲ್ಲಿ ಅವರು ಕೊರೆದ ಮೆಟ್ಟಿಲು ಪೂರ್ತಿ ಮೆಟ್ಟಿಲಲ್ಲ. ಎಷ್ಟೋ ಕಡೆ ಪಾದದ ಮುಂಭಾಗ ಮಾತ್ರ ಕೂರುವ ಗುಳಿ. ಹತ್ತುವಾಗ ಅದರ ಬೆಲೆ ತಿಳಿಯುವುದಿಲ್ಲ. ಇಳಿಯುವಾಗ ಪಕ್ಕಕ್ಕೆ ತಿರುಗಿ, ಒಂದು ಗುಳಿಯಿಂದ ಇನ್ನೊಂದಕ್ಕೆ ಕಾಲು ತಡವುತ್ತ ಹೋಗುವಾಗ, ಪಾದವನ್ನು ನಂಬುವುದೆಂದರೇನು ಎಂದು ಮೈಗೇ ಗೊತ್ತಾಗುತ್ತದೆ.

ಬೌಲ್ಡರಿಂಗ್ ಕಲಿಸುವವರ ಮೇಲೆ ನನ್ನ ಮುಖ್ಯ ಆಕ್ಷೇಪವೂ ಇಳಿಯುವುದರ ಬಗ್ಗೆಯೇ. ಒಳಾಂಗಣದಲ್ಲಿ ಮೇಲಿನ ಹಿಡಿಕೆ ಮುಟ್ಟಿ ಕೈಬಿಟ್ಟರೆ ಆಯಿತು, ಮೆತ್ತೆ ಕಾಯುತ್ತಿರುತ್ತದೆ. ಹೊರಗಿನ ಗುಂಡಿನಲ್ಲಿ ನೆತ್ತಿಯ ಮೇಲೆ ನಿಂತಾಗ ಅರ್ಧ ಕೆಲಸ ಬಾಕಿಯಿದೆ. ಅನೇಕ ಗುಂಡುಗಳಿಗೆ ಹಿಂಬದಿಯಿಂದ ಸುಲಭದ ಇಳಿದಾರಿ ಇರುತ್ತದೆ. ಕೆಲವಕ್ಕೆ ಇರುವುದೇ ಇಲ್ಲ. ಹತ್ತುವ ಮೊದಲು ಸುತ್ತು ಹಾಕಿ ಅದನ್ನು ಗುರುತಿಸಿಕೊಳ್ಳದವರಿಗೆ ಹತ್ತಲು ಬಿಡಬಾರದು ಎನ್ನುವಷ್ಟು ನಾನು ಇದರಲ್ಲಿ ಕಟ್ಟುನಿಟ್ಟು. ಹತ್ತಿದ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಇಳಿಯುವ ಅಭ್ಯಾಸ ಮಾಡಿದವರ ಪಾದ ಉಳಿದವರಿಗಿಂತ ಬೇಗ ಹದಕ್ಕೆ ಬರುತ್ತದೆ. ಇದಕ್ಕಿಂತ ಅಪಾಯದ್ದು ದೊಡ್ಡ ಬೆಟ್ಟದ ಹಾಸುಬಂಡೆ. ನಡೆದುಕೊಂಡೇ ಹೋಗಬಹುದೆಂಬಂತೆ ಮೇಲಕ್ಕೆ ಕರೆಯುತ್ತದೆ, ಕಡಿದಾಗುತ್ತ ಹೋಗುತ್ತದೆ, ತಿರುಗಿ ನೋಡಿದಾಗ ಕೆಳಗೆ ನಿಲ್ಲಲು ತಾಣವಿಲ್ಲ. ಅದು ಬೌಲ್ಡರಿಂಗ್ ಅಲ್ಲ. ಹಗ್ಗವಿಲ್ಲದೆ ಅಲ್ಲಿಗೆ ಯಾವ ಹೊಸಬರೂ ಹೋಗಬಾರದು.

ಇಲ್ಲಿ ಚಿತ್ರದುರ್ಗದ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಅವರ ಮಾತು ಬಂದೇ ಬರುತ್ತದೆ. ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಸರಸರನೆ ಏರುವ ಅವರನ್ನು ನೋಡಿ ಬೆರಗಾಗದವರಿಲ್ಲ. ಮಧ್ಯ ಕರ್ನಾಟಕದ ಹುಡುಗರಿಗೆ ಬಂಡೆಯ ಹುಚ್ಚು ಹಿಡಿಸಿದವರಲ್ಲಿ ಅವರ ಹೆಸರು ಮೊದಲು. ಆದರೆ ಆ ವೇಗ ಒಬ್ಬ ಅಸಾಧಾರಣ ವ್ಯಕ್ತಿಯ ವರ್ಷಗಳ ದುಡಿಮೆ. ಕಲಿಯುವವರು ಅವರಿಂದ ತೆಗೆದುಕೊಳ್ಳಬೇಕಾದದ್ದು ಆ ದುಡಿಮೆಯನ್ನು, ಹಗ್ಗವಿಲ್ಲದ ಎತ್ತರವನ್ನಲ್ಲ.

ಅಂಕಿಯ ಹುಚ್ಚು ಇನ್ನೊಂದು ದೋಷ. ಅಮೆರಿಕದ ಟೆಕ್ಸಾಸ್‌ನ ಹ್ಯೂಕೋ ಟ್ಯಾಂಕ್ಸ್ ಬಂಡೆಗಳಲ್ಲಿ ಜಾನ್ ಶರ್ಮನ್ ರೂಢಿಗೆ ತಂದ 'ವಿ' ಶ್ರೇಣಿ ಈಗ ಎಲ್ಲೆಡೆ ಹಬ್ಬಿದೆ. ಸೊನ್ನೆಯಿಂದ ಶುರುವಾಗಿ 17ರವರೆಗೆ ಏರುವ ಆ ಮೆಟ್ಟಿಲಲ್ಲಿ ಬೇಗ ಮೇಲೇರಬೇಕೆಂಬ ಆತುರಕ್ಕೆ ಹೊಸಬರು ಬೆರಳಿನ ಬೆಲೆ ತೆರುತ್ತಾರೆ. ಸ್ನಾಯು ಕೆಲವೇ ತಿಂಗಳಲ್ಲಿ ಬಲಿಯುತ್ತದೆ, ಬೆರಳಿನ ಸ್ನಾಯುರಜ್ಜು ಅಷ್ಟು ಬೇಗ ಬಲಿಯುವುದಿಲ್ಲ. ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಕಾಡಿನ ಪದ್ಧತಿ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅಲ್ಲಿ ಸಮಾನ ಕಷ್ಟದ ಹತ್ತಾರು ಗುಂಡುಗಳನ್ನು ಒಂದು ಸುತ್ತಾಗಿ ಜೋಡಿಸಿ, ಒಂದರ ಹಿಂದೊಂದು ಹತ್ತಿಳಿಯುತ್ತ ಹೋಗುತ್ತಾರೆ. ಬಾಣದ ಗುರುತನ್ನು ಕಲ್ಲಿಗೆ ಬಳಿಯುವ ಅವರ ಕ್ರಮ ನಮಗೆ ಬೇಡ. ಸುತ್ತಿನ ಕ್ರಮ ಬೇಕು. ಒಂದೇ ಕಷ್ಟದ ಕಲ್ಲಿಗೆ ದಿನವಿಡೀ ಜೋತುಬೀಳುವ ಬದಲು ಸುಲಭದ ಹತ್ತು ಕಲ್ಲು ಹತ್ತಿ ಇಳಿದವರು ಸಂಜೆಗೆ ಹೆಚ್ಚು ಕಲಿತಿರುತ್ತಾರೆ.

ಬೀಳುವುದನ್ನೂ ಕಲಿಸಬೇಕು. ಗೋಡೆಯ ಕೆಳಗಿನ ಮೆತ್ತೆ ನೆಲದುದ್ದಕ್ಕೂ ಇರುತ್ತದೆ. ಹೊರಗೆ ಹೊತ್ತೊಯ್ಯುವ ಕ್ರ್ಯಾಶ್ ಪ್ಯಾಡ್ ಸುಮಾರು 10 ಸೆಂಟಿಮೀಟರ್ ದಪ್ಪದ, ಒಬ್ಬರು ಮಲಗುವಷ್ಟು ಅಗಲದ ಹಾಸು. ಅದರ ಮೇಲ್ಪದರದ ಗಡುಸು ಫೋಮ್ ಹೊಡೆತವನ್ನು ಹರಡುತ್ತದೆ, ಕೆಳಪದರ ಹೀರಿಕೊಳ್ಳುತ್ತದೆ. ಮನೆಯ ಹಾಸಿಗೆ ಇದಕ್ಕೆ ಬದಲಾಗುವುದಿಲ್ಲ. ಪ್ಯಾಡಿನ ಅಂಚಿನ ಮೇಲೆ ಅರ್ಧ ಪಾದ ಬಿದ್ದು ಕಣಕಾಲು ಹೊರಳುವುದು ಈ ಆಟದ ತೀರಾ ಸಾಮಾನ್ಯ ಪೆಟ್ಟು. ಎರಡೂ ಪಾದ ಊರಿ, ಮೊಣಕಾಲು ಮಡಿಸಿ, ಹಿಂದಕ್ಕೆ ಉರುಳಬೇಕು. ಕೈಯನ್ನು ಹಿಂದೆ ಊರಲು ಹೋದರೆ ಮಣಿಕಟ್ಟು ಹೋಗುತ್ತದೆ. ಕೆಳಗೆ ನಿಂತ ಜೊತೆಗಾರರ ಕೆಲಸ ಬೀಳುವವರನ್ನು ಎತ್ತಿ ಹಿಡಿಯುವುದಲ್ಲ, ಸೊಂಟಕ್ಕೆ ಕೈಕೊಟ್ಟು ಪ್ಯಾಡಿನತ್ತ ತಿರುಗಿಸಿ ತಲೆ ಕಲ್ಲಿಗೆ ತಾಗದಂತೆ ಕಾಯುವುದು. ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಂದ ಈ ಕೆಲಸ ಆಗದು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಲಾರೋಹಣ ಶಿಬಿರವನ್ನೋ ನುರಿತ ಆರೋಹಿಗಳ ಜೊತೆಯನ್ನೋ ಮೊದಲು ಹಿಡಿಯಿರಿ ಎನ್ನುವುದು ಇದಕ್ಕೇ.

ನಮ್ಮ ಸೀಮೆಯ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ನಾಲ್ಕೂ ತಾಲ್ಲೂಕು ಒಂದೇ ಥರ ಅಲ್ಲ. ಕೊರಟಗೆರೆಯ ಚನ್ನರಾಯನದುರ್ಗದ ಕೋಟೆಬೆಟ್ಟದ ಮಗ್ಗುಲುಗಳು ನನಗೆ ತುಂಬ ಇಷ್ಟ. ಸಿದ್ಧರಬೆಟ್ಟವನ್ನು ಮಾತ್ರ ಭಕ್ತರಿಗೆ, ಔಷಧಿ ಸೊಪ್ಪು ಅರಸುವವರಿಗೆ ಬಿಡುವುದು ಲೇಸು. ಪಾವಗಡದ ಬಿಸಿಲು ಆಟವನ್ನು ತಾನೇ ನಿಯಂತ್ರಿಸುತ್ತದೆ. ಕಾದ ಕಲ್ಲಿನಲ್ಲಿ ಬೆರಳು ಬೆವರಿ ಹಿಡಿತ ತಪ್ಪುತ್ತದೆ; ನವೆಂಬರಿನಿಂದ ಫೆಬ್ರುವರಿಯ ಬೆಳಗಿನ ಹೊತ್ತು ಬಿಟ್ಟರೆ ಅಲ್ಲಿ, ನಿಡಗಲ್ಲಿನ ಕಡೆಯೂ, ಹತ್ತುವುದರಲ್ಲಿ ಅರ್ಥವಿಲ್ಲ. ಶಿರಾ ಕಡೆಗೆ ಸರಿದಂತೆ ನೆಲ ಸಮತಟ್ಟಾಗುತ್ತದೆ. ಅಲ್ಲಿ ಕಣ್ಣಿಗೆ ಬೀಳುವ ಕಲ್ಲೆಲ್ಲ ಕೋಟೆಯದು, ಮಲಿಕ್ ರಿಹಾನನ ಸಮಾಧಿಯದು, ಜುಮ್ಮಾ ಮಸೀದಿಯದು. ಕಟ್ಟಿದ ಕಲ್ಲನ್ನು ಹತ್ತುವ ಮಾತೇ ಇಲ್ಲ. ಮಧುಗಿರಿಯಲ್ಲಿಯೂ ಕೋಟೆಗೋಡೆಗೆ, ಬಾಗಿಲುಗಳಿಗೆ, ದೇವರಿರುವ ಗುಂಡಿಗೆ ಇದೇ ಮಾತು.

ಹತ್ತುವ ಕಲ್ಲು ಪ್ರಾಣಿಪಕ್ಷಿಗಳ ಮನೆಯೂ ಹೌದು. ಗುಂಡುಗಳ ರಾಶಿಯೊಳಗಿನ ಗವಿ ಕರಡಿಯದೋ ಚಿರತೆಯದೋ ಆಗಿರಬಹುದು. ಬಂಡೆಯ ಚಾಚಿನಡಿ ಹೆಜ್ಜೇನಿನ ತಟ್ಟಿ ಕಂಡರೆ ಸದ್ದಿಲ್ಲದೆ ಹಿಂದಿರುಗಬೇಕು. ಕಲ್ಲುಗುಡ್ಡಗಳನ್ನೇ ನೆಚ್ಚಿ ಬದುಕುವ ಹಳದಿ ಕೊರಳಿನ ಪಿಕಳಾರ ತುಮಕೂರು ಸೀಮೆಯ ಬೆಟ್ಟಗಳಲ್ಲಿದೆ, ಅದು ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಹಿಡಿತಕ್ಕಾಗಿ ಕಲ್ಲುಹೂವನ್ನೆಲ್ಲ ತಂತಿ ಬ್ರಷ್ಷಿನಿಂದ ಕೆರೆದುಹಾಕುವ, ಬೆವರಿಗೆಂದು ಕೈಗೆ ಹಚ್ಚಿಕೊಂಡ ಸೀಮೆಸುಣ್ಣದಂಥ ಬಿಳಿಪುಡಿಯ ಗುರುತನ್ನು ಅಳಿಸದೆ ಹೋಗುವ ರೂಢಿಯನ್ನು ನಾನು ಸಹಿಸಲಾರೆ. ಮೃದು ಬ್ರಷ್ಷು ಸಾಕು, ಹೋಗುವಾಗ ಒರೆಸಿ ಹೋಗಬೇಕು.

ಇನ್ನು ಜಮೀನಿನ ಮಾತು. ಈ ಗುಂಡುಗಳಿರುವ ನೆಲ ಒಂದೋ ಅರಣ್ಯ ಇಲಾಖೆಯದು, ಒಂದೋ ಗೋಮಾಳ, ಇಲ್ಲವೇ ಯಾರದೋ ಪಟ್ಟಾ ಹೊಲ. ಅರಣ್ಯವಾದರೆ ಅನುಮತಿ ಬೇಕು. ಬೆಂಗಳೂರಿನ ತುರಹಳ್ಳಿಯ ಗುಂಡುಗಳಲ್ಲಿ ಕಲಿತ ಒಂದು ತಲೆಮಾರಿಗೆ ಅಲ್ಲಿನ ನಿರ್ಬಂಧಗಳ ಬಿಸಿ ಚೆನ್ನಾಗಿ ಗೊತ್ತು. ಹೊಲವಾದರೆ ರೈತರನ್ನು ಕೇಳಬೇಕು. ಹತ್ತಲು ಹದವಾದ ಆ ಚಳಿಗಾಲವೇ ರಾಗಿ ಕೊಯ್ಲಿನ, ಒಕ್ಕಣೆಯ ಕಾಲ. ನಾವು ಆಟಕ್ಕೆ ಒಳ್ಳೆಯದೆಂದು ಆರಿಸುವ ಹಾಸುಬಂಡೆಯ ಮೇಲೆ ಅವರು ಹುರುಳಿ ಬಡಿಯುತ್ತಿರುತ್ತಾರೆ, ಬೇಸಗೆ ಹತ್ತಿರವಾದಂತೆ ಹುಣಸೆಹಣ್ಣು ಹರವಿರುತ್ತಾರೆ. ಬೂಟು ಬಿಚ್ಚಿ, ಕೇಳಿ, ಅವರ ಕೆಲಸ ಮುಗಿಯುವವರೆಗೆ ಬೇರೆ ಕಲ್ಲಿನ ಬಳಿ ಇರಬೇಕು. ಯಾವ ಗುಂಡಿನ ಚಕ್ಕೆ ಟೊಳ್ಳು, ಯಾವ ಸಂದಿನಲ್ಲಿ ಹಾವಿದೆ, ಯಾವ ನೆತ್ತಿಗೆ ಹಿಂದಿನಿಂದ ದಾರಿಯಿದೆ ಎಂದು ಅಲ್ಲಿ ಆಡು ಮೇಯಿಸುವ ಹುಡುಗರಿಗೆ ಗೊತ್ತಿರುವಷ್ಟು ಯಾವ ಮಾರ್ಗದರ್ಶಿಗೂ ಗೊತ್ತಿರುವುದಿಲ್ಲ. ಬೌಲ್ಡರಿಂಗ್ ಈ ಸೀಮೆಗೆ ಬರುವುದಾದರೆ ಆ ಹುಡುಗರಿಗೂ ಒಂದು ಜೊತೆ ಶೂ, ಪ್ಯಾಡಿನ ಮೇಲೆ ಸರದಿ, ಕಲಿಸುವವರ ಸಾಲಿನಲ್ಲಿ ಜಾಗ ಸಿಗಬೇಕು.