ದನಿಯ ಆಳವೂ ಆಂಪ್ಲಿಫೈಯರ್ ವಿಮರ್ಶೆಯೂ

ಎರಡು ಸ್ಪೀಕರ್‌ಗಳ ಮುಂದೆ ಕಣ್ಣು ಮುಚ್ಚಿ ಕುಳಿತರೆ ಗಾಯಕ ನಡುವೆ, ತಬಲಾ ಬಲಕ್ಕೆ, ತಂಬೂರಿ ಸ್ವಲ್ಪ ಹಿಂದೆ ಇದ್ದಂತೆ ಭಾಸವಾಗುತ್ತದೆ. ಈ ಕಾಣದ ವೇದಿಕೆಯನ್ನು ಆಡಿಯೋ ವಿಮರ್ಶಕರು 'ಸೌಂಡ್‌ಸ್ಟೇಜ್' ಎನ್ನುತ್ತಾರೆ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಈ ವೇದಿಕೆಗೆ ಆಳವಿದೆ, ಟ್ರಾನ್ಸಿಸ್ಟರಿನದು ಚಪ್ಪಟೆ, ಕ್ಲಾಸ್-ಡಿ ಇನ್ನೂ ಚಪ್ಪಟೆ ಎಂಬ ತೀರ್ಪು ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇದನ್ನು ನಂಬಿ ವರ್ಷಗಳ ಉಳಿತಾಯವನ್ನು ಸುರಿಯುವವರಿದ್ದಾರೆ. ಹಾಗಾಗಿ ಈ ಮಾತನ್ನು ಒರೆಗೆ ಹಚ್ಚಬೇಕಾಗಿದೆ.

ಮೊದಲನೆಯದಾಗಿ, ಆಳ ಎಲ್ಲಿಂದ ಬರುತ್ತದೆ? ಹತ್ತಿರದ ದನಿ ನೇರವಾಗಿ, ಸ್ಪಷ್ಟವಾಗಿ ಕೇಳುತ್ತದೆ. ದೂರದ ದನಿಯಲ್ಲಿ ನೇರ ಭಾಗ ಕಡಿಮೆಯಾಗಿ ಗೋಡೆ, ಮಾಡುಗಳ ಪ್ರತಿಧ್ವನಿ ಹೆಚ್ಚುತ್ತದೆ. ಕಿವಿ ದೂರವನ್ನು ಅಳೆಯುವುದು ಮುಖ್ಯವಾಗಿ ಈ ಪ್ರಮಾಣದಿಂದ. ಅಂದರೆ ಆಳ ಮೊದಲು ಧ್ವನಿಮುದ್ರಣದಲ್ಲಿ ಇರಬೇಕು. 1993ರಲ್ಲಿ ಬಂದ 'ಎ ಮೀಟಿಂಗ್ ಬೈ ದ ರಿವರ್' ಇದಕ್ಕೆ ಒಳ್ಳೆಯ ಉದಾಹರಣೆ. ಮೋಹನ ವೀಣೆಯ ವಿಶ್ವಮೋಹನ ಭಟ್ ಮತ್ತು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಕುಳಿತು ನುಡಿಸಿದರು. ವಾಟರ್ ಲಿಲಿ ಅಕೌಸ್ಟಿಕ್ಸ್‌ನ ಕವಿಚಂದ್ರನ್ ಅಲೆಕ್ಸಾಂಡರ್ ಅದನ್ನು ಎರಡೇ ಮೈಕುಗಳ ಜೋಡಿಯಿಂದ ಮುದ್ರಿಸಿದರು. ಈ ವಿಧಾನ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲುಮ್ಲೀನ್ ಅವರದು. ಸ್ಟೀರಿಯೋ ಕುರಿತ ಪೇಟೆಂಟಿಗೆ ಅವರು ಅರ್ಜಿ ಹಾಕಿದ್ದು 1931ರಲ್ಲಿ. ಈ ಜೋಡಿ ಮುಂದಿನಿಂದ ಬರುವ ವಾದ್ಯದ ನಾದವನ್ನೂ ಹಿಂದಿನಿಂದ ಮರಳುವ ಪ್ರತಿಧ್ವನಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ಆ ಮಂದಿರದ ಆವರಣವೇ ತಟ್ಟೆಯಲ್ಲಿದೆ. ಸಾಧಾರಣ ಆಂಪ್ಲಿಫೈಯರ್ ಕೂಡ ಅದನ್ನು ಕೇಳಿಸುತ್ತದೆ. ಒಂದೊಂದು ವಾದ್ಯಕ್ಕೂ ಬಾಯಿಗೆ ಹತ್ತಿದಂತೆ ಮೈಕು ಇಟ್ಟು, ಪ್ರತಿಧ್ವನಿಯನ್ನು ಯಂತ್ರದಿಂದ ಬೆರೆಸಿದ ಸಿನಿಮಾ ಹಾಡಿಗೆ ಅಂಥ ಆವರಣವನ್ನು ಎಷ್ಟು ದುಬಾರಿ ವಾಲ್ವ್ ಕೂಡ ತಂದುಕೊಡಲಾರದು.

ಹಾಗಾದರೆ ಆಂಪ್ಲಿಫೈಯರ್ ಜಾತಿಗೆ ಅರ್ಥವೇ ಇಲ್ಲವೇ? ಇದೆ. ಅದು ನಿಗೂಢವಲ್ಲ, ಲೆಕ್ಕಕ್ಕೆ ಸಿಗುವಂಥದ್ದು. 8 ಓಮ್ ಎಂದು ಬರೆದ ಸ್ಪೀಕರಿನ ತಡೆ ಎಲ್ಲ ಸ್ವರಗಳಿಗೂ 8 ಇರುವುದಿಲ್ಲ. ಒಂದು ಕಡೆ 5, ಇನ್ನೊಂದು ಕಡೆ 30 ಆಗಬಹುದು. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಸ್ವಂತ ತಡೆ ಸಾಮಾನ್ಯವಾಗಿ 0.1 ಓಮ್‌ಗಿಂತ ಕಡಿಮೆ. ಹಲವು ವಾಲ್ವ್‌ಗಳದ್ದು 1, 2 ಓಮ್. 2 ಓಮ್ ಎಂದು ಹಿಡಿದು ಲೆಕ್ಕ ಹಾಕಿದರೆ ಆ ಎರಡು ಸ್ವರಗಳ ನಡುವೆ ಸುಮಾರು 2.4 ಡೆಸಿಬಲ್ ವ್ಯತ್ಯಾಸ ಬೀಳುತ್ತದೆ. ಇದು ಕಿವಿಗೆ ಗೊತ್ತಾಗುವ ಮಟ್ಟ. 2ರಿಂದ 4 ಕಿಲೋಹರ್ಟ್ಸ್ ನಡುವೆ ಹೀಗೆ ತುಸು ಇಳಿತವಾದರೆ ಗಾಯಕ ಒಂದು ಹೆಜ್ಜೆ ಹಿಂದೆ ಸರಿದಂತೆ ಕೇಳುತ್ತದೆ. ಏರಿದರೆ ಮುಂದೆ ಬಂದಂತೆ. ಹಾಗಾಗಿ ಒಂದು ಸ್ಪೀಕರಿನೊಂದಿಗೆ 'ಆಳ' ಕೊಟ್ಟ ವಾಲ್ವ್ ಇನ್ನೊಂದರೊಂದಿಗೆ ಕೊಡದೆ ಹೋಗಬಹುದು. ಸ್ಪೀಕರ್ ಯಾವುದೆಂದು ಹೇಳದೆ ಆಂಪ್ಲಿಫೈಯರಿನ ಆಳವನ್ನಷ್ಟೇ ಹೊಗಳುವ ವಿಮರ್ಶೆ ಅರ್ಧ ವಿಮರ್ಶೆ.

1985ರಲ್ಲಿ ಅಮೆರಿಕದ 'ಸ್ಟೀರಿಯೋಫೈಲ್' ಪತ್ರಿಕೆಗೆ ಬಾಬ್ ಕಾರ್ವರ್ ಎಂಬ ತಯಾರಕರು ಒಂದು ಸವಾಲು ಹಾಕಿದರು. ನೀವು ಆರಿಸಿದ ಯಾವ ಆಂಪ್ಲಿಫೈಯರಿನಂತೆಯೂ ನನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರ ಕೇಳುವಂತೆ ಮಾಡುತ್ತೇನೆ ಎಂದರು. ಪತ್ರಿಕೆ ಅತಿ ದುಬಾರಿಯಾದ ವಾಲ್ವ್ ಯಂತ್ರವನ್ನು ಮುಂದಿಟ್ಟಿತು. ಕಾರ್ವರ್ ಎರಡರ ವ್ಯತ್ಯಾಸವನ್ನು ಅಳೆಯುತ್ತ, ತಿದ್ದುತ್ತ ಹೋದರು. ಕೊನೆಗೆ ಆ ಪತ್ರಿಕೆಯ ಪಳಗಿದ ಕಿವಿಗಳೇ ಎರಡನ್ನೂ ಬೇರ್ಪಡಿಸಲಾರದೆ ಹೋದವು. ಆದರೆ 1987ರಲ್ಲಿ, ಈ ಪ್ರಯೋಗದಿಂದ ಹುಟ್ಟಿ ಮಾರುಕಟ್ಟೆಗೆ ಬಂದ ಕಾರ್ವರ್ ಯಂತ್ರವನ್ನು ಅದೇ ಪತ್ರಿಕೆ ಪರೀಕ್ಷಿಸಿ, ಹೋಲಿಕೆ ಅಷ್ಟು ನಿಖರವಾಗಿಲ್ಲ ಎಂದಿತು. ಎರಡೂ ಸಂಗತಿಗಳಿಂದ ನಮಗೆ ತೋರುವುದು ಒಂದೇ. ವ್ಯತ್ಯಾಸ ಇರಬಹುದು, ಆದರೆ ಅದು ಅಳತೆಗೆ ಸಿಗುತ್ತದೆ, ತಿದ್ದಲೂ ಬರುತ್ತದೆ. ಅದಕ್ಕೆ ವಾಲ್ವಿನ ಗಾಜಿನ ಹೊಳಪೇ ಬೇಕೆಂದಿಲ್ಲ.

ನಮ್ಮ ಆಕ್ಷೇಪ ವಾಲ್ವಿನ ಮೇಲಲ್ಲ. ಅದರ ದನಿ ಇಷ್ಟವಾದವರು ಕೇಳಲಿ, ಅದು ಅವರವರ ರುಚಿ. ಆದರೆ ವಿಮರ್ಶೆ ಒಂದು ಸಾಕ್ಷ್ಯ. ಸಾಕ್ಷಿ ಹೇಳುವವನು ತಾನು ಕೇಳಿದ್ದನ್ನು ಹೇಳಬೇಕೇ ಹೊರತು ಬೆಲೆಪಟ್ಟಿಯಲ್ಲಿ ಕಂಡದ್ದನ್ನಲ್ಲ. ಎರಡು ಯಂತ್ರಗಳ ದನಿಮಟ್ಟವನ್ನು ಸ್ಪೀಕರ್ ತಂತಿಯ ತುದಿಯಲ್ಲಿ ಮೀಟರಿಟ್ಟು ಸಮ ಮಾಡದಿದ್ದರೆ, ತುಸು ಜೋರಾದದ್ದೇ 'ಚೆನ್ನಾಗಿದೆ' ಎನಿಸುತ್ತದೆ. ಯಾವ ಯಂತ್ರ ನುಡಿಯುತ್ತಿದೆ ಎಂದು ಗೊತ್ತಿದ್ದರೆ ಕಿವಿಯ ಬದಲು ಕಣ್ಣು ತೀರ್ಪು ಕೊಡುತ್ತದೆ. ಪರದೆ ಎಳೆದು, ಬೇರೊಬ್ಬರ ಕೈಯಿಂದ ಬದಲಾಯಿಸಿ ಕೇಳಿದ ಮೇಲೂ ಉಳಿಯುವ ಆಳಕ್ಕೆ ನಾವು ತಲೆಬಾಗುತ್ತೇವೆ.

ಕೊಳ್ಳಲು ಹೊರಟ ಓದುಗರಿಗೆ ಒಂದು ಮಾತು. ಮೊದಲು ಸ್ಪೀಕರುಗಳನ್ನು ಹಿಂಬದಿಯ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ತನ್ನಿ. ಬರಿಗೋಡೆಗೆ ಪುಸ್ತಕದ ಕಪಾಟನ್ನೋ ದಪ್ಪ ಪರದೆಯನ್ನೋ ಕೊಡಿ. ಚೆನ್ನಾಗಿ ಮುದ್ರಿಸಿದ ಒಂದು ತಟ್ಟೆ ಹಾಕಿ ಕೇಳಿ. ಅಷ್ಟಕ್ಕೇ ವೇದಿಕೆ ಹಿಂದಕ್ಕೆ ಸರಿದು ತೆರೆದುಕೊಂಡರೆ, ಉಳಿದ ಹಣದಲ್ಲಿ ಇನ್ನಷ್ಟು ಸಂಗೀತ ಕೊಳ್ಳಬಹುದು.