ಇದ್ದಿಲಿನ ಗೆರೆಯಲ್ಲಿ ತಂಗಿಯ ಮುಖ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೊಂದು ಮನೆಯ ಪೀಠದಲ್ಲೋ ಪ್ರಾರ್ಥನಾಪುಸ್ತಕದ ಹಾಳೆಗಳ ನಡುವೆಯೋ ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡ ಬಾಲಯೇಸುವಿನ ಸಂತ ತೆರೇಸಾರ ಚಿತ್ರವನ್ನು ನೀವು ಕಂಡಿರಬಹುದು. ಅದರ ಮೂಲವನ್ನು 1912ರಲ್ಲಿ ಇದ್ದಿಲಿನಿಂದ ರಚಿಸಿದವರು ಸಂತರ ಒಡಹುಟ್ಟಿದ ಅಕ್ಕ, ಫ್ರಾನ್ಸಿನ ಲಿಸಿಯೂ ಕಾರ್ಮೆಲ್ ಮಠದ ಧರ್ಮಭಗಿನಿ ಸೆಲಿನ್ ಮಾರ್ಟಿನ್ (1869–1959).

1894ರಲ್ಲಿ ಮಠ ಸೇರುವಾಗ ಸೆಲಿನ್ ಕ್ಯಾಮರಾವನ್ನೂ ಒಯ್ದಿದ್ದರು. ಅವರೇ ತೆಗೆದ ಛಾಯಾಚಿತ್ರಗಳಲ್ಲಿ ತೆರೇಸಾರ ಗಲ್ಲ ದೃಢವಾಗಿದೆ. 1897ರ ಜೂನ್ ತಿಂಗಳ ಚಿತ್ರದಲ್ಲಿ ಕ್ಷಯರೋಗದ ಬಳಲಿಕೆಯೂ ಇದೆ. ಇದ್ದಿಲಿನ ಚಿತ್ರದಲ್ಲಾದರೋ ನೆರಳುಗಳು ಮೆಲ್ಲನೆ ಒಂದರೊಳಗೊಂದು ಕರಗಿ, ಆ ದೃಢತೆಯೂ ಬಳಲಿಕೆಯೂ ಮರೆಯಾಗಿವೆ. ಉಳಿದಿರುವುದು ಮಾಧುರ್ಯ ಮಾತ್ರ.

ಇದು ವಂಚನೆಯೇ? ಹಾಗೆನ್ನಲಾರೆ. ಅಂದಿನ ಕ್ಯಾಮರಾದ ಮುಂದೆ ಹಲವು ಕ್ಷಣ ಅಲುಗದೆ ನಿಲ್ಲಬೇಕಿತ್ತು, ಮುಖ ಬಿಗಿಯುತ್ತಿತ್ತು. ತಾನು ಬಲ್ಲ ತಂಗಿಯ ಜೀವಕಳೆ ಅಲ್ಲಿ ಮೂಡಲಿಲ್ಲವೆಂದೇ ಸೆಲಿನ್ ಇದ್ದಿಲು ಹಿಡಿದರು. ಅಗಲಿದ ತಾಯಿಯ ಭಾವಚಿತ್ರದಲ್ಲಿನ ಸುಕ್ಕುಗಳನ್ನು ಅಳಿಸಿಕೊಡಿರೆಂದು ಸ್ಟುಡಿಯೋದವರನ್ನು ನಾವೂ ಕೇಳುವುದಿಲ್ಲವೇ?

ಆದರೆ ಆ ಸುಕ್ಕುಗಳೊಂದಿಗೆ ಆಕೆ ನಮಗಾಗಿ ಪಟ್ಟ ಪಾಡೂ ಅಳಿಯುತ್ತದೆ. ನೋವೇ ಅರಿಯದಂತೆ ತೋರುವ ಸಂತರನ್ನು ನಾವು ಗೌರವಿಸಬಲ್ಲೆವು, ಅನುಸರಿಸಲಾರೆವು. ಸೆಲಿನ್ ತೀರಿಕೊಂಡ ಎರಡು ವರ್ಷಗಳ ಬಳಿಕ, 1961ರಲ್ಲಿ, ತಿದ್ದದ ಛಾಯಾಚಿತ್ರಗಳು ಪ್ರಕಟವಾದವು. ಇದ್ದಿಲಿನ ಚಿತ್ರವನ್ನು ಗೋಡೆಯಿಂದ ಇಳಿಸಬೇಡಿ. ಅದರ ಪಕ್ಕದಲ್ಲಿ ಆ ಬಳಲಿದ ಮುಖವನ್ನೂ ಇಡಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಪ್ರಾರ್ಥಿಸುವಾಗ ಅವರ ಕಣ್ಣು ಯಾವ ಮುಖದತ್ತ ಹೊರಳುತ್ತದೆಂದು ನೋಡಿ.